ಕೊಯಾರೊ ಊರಿನ ತಾಳ್ಮೆ

ಪ್ರಿಸ್ಕಾ ಅಪೋಂದಿಯ ಹುದ್ದೆಗೆ ಪ್ರಿ-ಡಾಕ್ಟರಲ್ ಫೆಲೋ ಎಂದು ಹೆಸರು. ಎಂದರೆ, ಡಾಕ್ಟರೇಟು ಇನ್ನೂ ಆಗದವಳು. ಆ ಲೆಕ್ಕಕ್ಕೆ ಯಾಲಾ ಸಂತೆಯಲ್ಲಿ ಒಣಮೀನು ಮಾರುವ ಅವಳ ತಾಯಿಯೂ, ತಾಯಿಯ ಪಕ್ಕದಲ್ಲಿ ಟೊಮೇಟೊ ಗುಡ್ಡೆ ಹಾಕಿ ಕೂರುವ ಮುದುಕಿಯೂ ಅದೇ ಹುದ್ದೆಯವರು. ಅವರಿಗೆ ನೇಮಕಾತಿ ಪತ್ರ ಬಂದಿಲ್ಲ, ಅಷ್ಟೇ.

ಕಚೇರಿ ಇದ್ದದ್ದು ಸಿಯಾಯ ಪೇಟೆಯಲ್ಲಿ, ಪೆಟ್ರೋಲ್ ಬಂಕಿನ ಹಿಂದೆ. ಅವಳು ಯಾರ ಕೆಲಸ ಮಾಡುತ್ತಿದ್ದಳೋ ಆ ಪ್ರೊಫೆಸರ್ ಥೀಸನ್ ಇದ್ದದ್ದು ಸಮುದ್ರದಾಚೆ, ಎಂಟು ಗಂಟೆ ಹಿಂದೆ. ಆತ ಬೆಳಗಿನ ಕಾಫಿ ಹಿಡಿದು ಕಂಪ್ಯೂಟರಿನ ಪರದೆಯಲ್ಲಿ ಮುಖ ತೋರಿಸುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ ನಾಲ್ಕಾಗಿ, ತಗಡಿನ ಮಾಡು ಕಾದು ಎಲ್ಲರ ತಲೆಯೂ ಬೆಂದಿರುತ್ತಿತ್ತು. ಬಡವರು ನಾಳೆಯ ಬಗ್ಗೆ ಯಾಕೆ ಯೋಚಿಸುವುದಿಲ್ಲ ಎಂಬುದು ಆತನ ಸಂಶೋಧನೆಯ ವಿಷಯ. ಈ ಪ್ರಶ್ನೆ ಕೇಳುವವರಿಗೆಲ್ಲ ನಾಳೆಯ ಸಂಬಳ ಖಾತ್ರಿಯಿತ್ತು. ಪ್ರಿಸ್ಕಾಳಿಗೆ ಮಾತ್ರ ಜೂನ್ ತಿಂಗಳ ತನಕ ಖಾತ್ರಿಯಿತ್ತು.

ಎರಡು ವರ್ಷದ ಈ ಚಾಕರಿ ಮಾಡುವವರು ಸಂಬಳಕ್ಕಾಗಿ ಮಾಡುವುದಿಲ್ಲ. ಕೊನೆಗೆ ಪ್ರೊಫೆಸರ್ ಬರೆದುಕೊಡುವ ಒಂದು ಶಿಫಾರಸು ಪತ್ರಕ್ಕಾಗಿ ಮಾಡುತ್ತಾರೆ. ಅದಿಲ್ಲದೆ ಹೊರದೇಶದ ಯಾವ ವಿಶ್ವವಿದ್ಯಾಲಯವೂ ಪಿಎಚ್‌ಡಿಗೆ ಸೇರಿಸಿಕೊಳ್ಳುವುದಿಲ್ಲ. ಪ್ರಿಸ್ಕಾ ಒಂಬತ್ತು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಪತ್ರ ತಲುಪಲು ಡಿಸೆಂಬರ್ ಹದಿನೈದು ಕಡೇ ದಿನ. ನವೆಂಬರ್ ಮುಗಿಯುತ್ತ ಬಂದಿತ್ತು, ಪತ್ರ ಬರೆದಿರಲಿಲ್ಲ. ನೆನಪಿಸಬೇಕು ಎಂದುಕೊಂಡಾಗಲೆಲ್ಲ ಪ್ರೊಫೆಸರೇ ಇನ್ನೊಂದು ಕೆಲಸ ನೆನಪಿಸುತ್ತಿದ್ದ.

ತಾಯಿಗೆ ಇದನ್ನು ಅರ್ಥ ಮಾಡಿಸಲು ಅವಳು ಒಂದು ಸಲ ಪ್ರಯತ್ನಪಟ್ಟಿದ್ದಳು.

"ಇನ್ನೂ ಎಷ್ಟು ವರ್ಷ ಓದೋದೇ?"

"ಓದ್ತಾ ಇಲ್ಲಮ್ಮ, ಕೆಲಸ ಮಾಡ್ತಾ ಇದೀನಿ."

"ಏನು ಕೆಲಸ?"

"ಊರೂರಿಗೆ ಹೋಗಿ ಪ್ರಶ್ನೆ ಕೇಳೋದು. ಏನು ತಿಂದ್ರಿ, ಏನು ಬೆಳೆದ್ರಿ, ಗಂಡ ಮನೇಲಿದಾನಾ ಅಂತ."

"ಅದನ್ನ ನಿನ್ನ ಸೋದರತ್ತೆ ಪುಕ್ಕಟೆ ಮಾಡ್ತಾಳಲ್ಲ."

ಯಾಲಾದ ಕಡೆ ಅವಳು ಡಾಕ್ಟರಾಗುತ್ತಾಳೆ ಎಂಬ ಸುದ್ದಿ ಮಾತ್ರ ಹಬ್ಬಿತ್ತು. ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಮಂಡಿ ತೋರಿಸುತ್ತಿದ್ದರು. ಮೊದಮೊದಲು ನಾನು ಆ ಡಾಕ್ಟರಲ್ಲ ಎನ್ನುತ್ತಿದ್ದಳು. ಆಮೇಲೆ ಬಿಸಿನೀರಿನ ಶಾಖ ಕೊಡಿ ಎನ್ನತೊಡಗಿದಳು. ಕೆಲವರಿಗೆ ಗುಣವೂ ಆಯಿತು.

ಆ ವರ್ಷದ ಪ್ರಯೋಗ ಹೀಗಿತ್ತು. ಉಗೆನ್ಯಾ ಕಡೆಯ ಹದಿನಾರು ಊರು. ಊರಿಗೆ ಮೂವತ್ತು ಹೆಂಗಸರು. ಕಂಪ್ಯೂಟರ್ ಲಾಟರಿ ಎತ್ತಿ ಎಂಟು ಊರಿಗೆ ಸಿನಿಮಾ, ಎಂಟು ಊರಿಗೆ ಬರೀ ಪ್ರಶ್ನೆ ಎಂದು ಹಂಚಿತು. ಸಿನಿಮಾ ಹನ್ನೆರಡು ನಿಮಿಷದ್ದು. ಅದರಲ್ಲಿ ಒಬ್ಬ ಹೆಂಗಸು ತನ್ನ ಮುಂದಿನ ಐದು ವರ್ಷವನ್ನು ಮನಸ್ಸಿನಲ್ಲೇ ನೋಡಿ, ಹೊಸ ಮಾಡು ಹೊದಿಸಿ, ಮಗಳನ್ನು ಓದಿಸಿ, ಕಡೆಗೆ ನಗುತ್ತಾಳೆ. ಸಿನಿಮಾ ಮುಗಿದ ಮೇಲೆ ನೋಡಿದವರೂ ಮೂರು ನಿಮಿಷ ಕಣ್ಣು ಮುಚ್ಚಿ ತಮ್ಮ ಐದು ವರ್ಷವನ್ನು ನೋಡಬೇಕು. ಆಮೇಲೆ ಎಲ್ಲ ಹದಿನಾರು ಊರಿನಲ್ಲೂ ಒಂದೇ ಪ್ರಶ್ನೆ: ಇವತ್ತು ಒಂದು ಕೆಜಿ ಸಕ್ಕರೆ ಬೇಕೋ, ಹತ್ತು ದಿನ ಬಿಟ್ಟು ಎರಡು ಕೆಜಿ ಬೇಕೋ? ಇವತ್ತೇ ಎಂದವರು ತಾಳ್ಮೆಯಿಲ್ಲದವರು. ಆಮೇಲೆ ಎಂದವರು ತಾಳ್ಮೆಯವರು. ಅಷ್ಟು ಜನ ಓದಿದವರು ಕೂತು ಮಾಡಿದ ಅಳತೆ ಇದು.

ಸಿನಿಮಾ ಊರುಗಳಿಗೆ ಶಾಮಿಯಾನ ಮತ್ತು ನೂರು ಪ್ಲಾಸ್ಟಿಕ್ ಕುರ್ಚಿ ಹೋಗುತ್ತಿದ್ದವು. ಸಕ್ಕರೆ ಹಂಚುವ ದಿನ ಮತ್ತೆ ಹೋಗುತ್ತಿದ್ದವು. ಬರೀ ಪ್ರಶ್ನೆಯ ಊರುಗಳಿಗೆ ಬೈಕಿನ ಮೇಲೆ ಒಬ್ಬೊಬ್ಬ ಸರ್ವೆಯವನು ಹೋಗಿ ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿ ಬರುತ್ತಿದ್ದ. ಈ ಓಡಾಟದ ಉಸ್ತುವಾರಿ ಬರ್ನಾಬಾಸ್ ಒಕುಮು ಅವರದು. ಹಿಂದೆ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು, ಹಾಗಾಗಿ ಎಲ್ಲರಿಗೂ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಯಾರ್‍ಯಾರದೋ ಸರ್ವೆ ಮಾಡಿಸಿದ್ದರು. ಸೊಳ್ಳೆಪರದೆ, ಜಂತುಹುಳದ ಮಾತ್ರೆ, ಕೈ ತೊಳೆಯುವ ಸೋಪು, ಮೇಕೆ, ಎಲ್ಲವನ್ನೂ ಅಳೆದಾಗಿತ್ತು. ತಾಳ್ಮೆಯನ್ನು ಅಳೆಯುವುದು ಬಾಕಿಯಿತ್ತು.

ಫಲಿತಾಂಶ ಬಂತು. ಸಿನಿಮಾ ನೋಡದ ಊರುಗಳಲ್ಲಿ ನೂರಕ್ಕೆ ನಲವತ್ತೈದು ಹೆಂಗಸರು ತಾಳ್ಮೆಯವರು. ನೋಡಿದ ಊರುಗಳಲ್ಲಿ ಐವತ್ತೆಂಟು. ಹನ್ನೆರಡು ನಿಮಿಷದ ಸಿನಿಮಾಕ್ಕೆ ಇದು ದೊಡ್ಡ ಸಂಖ್ಯೆ. ಪಕ್ಕದಲ್ಲಿ ಮೂರು ನಕ್ಷತ್ರ. ಫಲಿತಾಂಶವನ್ನು ನಂಬಬಹುದು ಎನ್ನುವುದಕ್ಕೆ ಆ ವಿದ್ಯೆಯವರು ಹಾಕುವ ಗುರುತು ಅದು. ಮೂರಕ್ಕಿಂತ ಹೆಚ್ಚು ಯಾರಿಗೂ ಕೊಡುವುದಿಲ್ಲ. ಪ್ರೊಫೆಸರ್ ಥೀಸನ್ ಪರದೆಯ ಮೇಲೆ ಎದ್ದು ನಿಂತ. ಆತನ ಹೊಟ್ಟೆ ಮಾತ್ರ ಕಾಣುತ್ತಿತ್ತು.

"ಪ್ರಿಸ್ಕಾ, ಆ ಎರಡು ಊರು ನೋಡಿದೆಯಾ? ಕೊಯಾರೊ ಮತ್ತು ಉರಿಂದಿ?"

"ನೋಡಿದೆ, ಪ್ರೊಫೆಸರ್. ಕೊಯಾರೊದಲ್ಲಿ ಮೂವತ್ತಕ್ಕೆ ಮೂವತ್ತು. ಉರಿಂದಿಯಲ್ಲಿ ಇಪ್ಪತ್ತೊಂಬತ್ತು."

"ಮೂವತ್ತಕ್ಕೆ ಮೂವತ್ತು! ಇಂಥದ್ದು ನನ್ನ ಜನ್ಮದಲ್ಲಿ ನೋಡಿಲ್ಲ. ನೀನು ಅಲ್ಲಿಗೆ ಹೋಗು. ಆ ಹೆಂಗಸರ ಮಾತು ಅವರ ಬಾಯಲ್ಲೇ ಬೇಕು ನಂಗೆ. ಕಣ್ಣು ಮುಚ್ಚಿದಾಗ ಏನು ಕಂಡರು ಅಂತ. ಲೇಖನದ ಶುರುವಿನಲ್ಲೇ ಹಾಕೋಣ."

"ಸರಿ, ಪ್ರೊಫೆಸರ್. ನನ್ನ ಪತ್ರ..."

"ಇದು ಮುಗಿದ ಕೂಡಲೇ."

ಪ್ರಿಸ್ಕಾ ಮರುದಿನ ಬಾಡಿಗೆ ಬೈಕಿನಲ್ಲಿ ಕೊಯಾರೊಗೆ ಹೋದಳು. ಅಲ್ಲಿನ ಹೆಂಗಸರ ಸಂಘದ ಮುಂದಾಳು ಅಲೆಗೊ ಕಡೆಯಿಂದ ಮದುವೆಯಾಗಿ ಬಂದವಳು. ಬಂದು ಮೂವತ್ತು ವರ್ಷವಾಗಿ ಮೊಮ್ಮಕ್ಕಳಾಗಿದ್ದರೂ ಊರಿಗೆ ಅವಳು ಇನ್ನೂ ನ್ಯಾರ್ ಅಲೆಗೊ, ಅಲೆಗೊದ ಮಗಳು. ಅಂಗಳದಲ್ಲಿ ಕಾಳು ಬಿಡಿಸುತ್ತ ಕೂತಿದ್ದಳು. ಜತೆಗೆ ಇನ್ನೂ ನಾಲ್ಕು ಜನ.

"ಬಾ ಮಗಳೆ, ಕೂತ್ಕೊ. ನೀನು ಸಕ್ಕರೆಯವಳಲ್ವಾ?"

"ಸಂಶೋಧನೆಯವಳು, ಅಮ್ಮ."

"ಅದೇ, ಸಕ್ಕರೆಯವಳು."

ಪ್ರಿಸ್ಕಾ ಒಪ್ಪಿಗೆ ಪತ್ರ ಓದಿದಳು. ನಿಮಗೆ ಇಷ್ಟವಿಲ್ಲದಿದ್ದರೆ ಯಾವಾಗ ಬೇಕಾದರೂ ಮಾತು ನಿಲ್ಲಿಸಬಹುದು ಎಂಬ ಸಾಲಿಗೆ ಬಂದಾಗ ನ್ಯಾರ್ ಅಲೆಗೊ, "ನಮ್ಮ ಅಂಗಳದಲ್ಲಿ ನಾವು ಮಾತು ನಿಲ್ಸೋಕೆ ನಿನ್ನ ಅಪ್ಪಣೆ ಯಾಕೆ? ಮುಂದಕ್ಕೆ ಓದು," ಎಂದಳು. ಓದಿ ಮುಗಿಸಿ, ಫೋನಿನಲ್ಲಿ ದನಿ ಹಿಡಿಯುವುದಕ್ಕೆ ಹಚ್ಚಿ, ಪ್ರಿಸ್ಕಾ ಕೇಳಿದಳು.

"ಸಿನಿಮಾ ಹೇಗಿತ್ತು?"

"ಬಲು ಚೆನ್ನಾಗಿತ್ತು. ಆ ಹೆಂಗಸು ಚಪ್ಪಲಿ ಹಾಕ್ಕೊಂಡು ಕಳೆ ಕೀಳ್ತಿದ್ಲು. ನಕ್ಕು ನಕ್ಕು ನಮ್ಮ ಪಕ್ಕೆ ನೋವು ಬಂತು."

"ಆಮೇಲೆ ಕಣ್ಣು ಮುಚ್ಚಿಸಿದ್ರಲ್ಲ, ಆಗ ಏನು ಕಂಡಿತು ನಿಮಗೆ?"

"ಜನ ಕಂಡ್ರು."

"ಯಾವ ಜನ?"

"ಹತ್ತು ದಿನ ಬಿಟ್ಟು ಬರೋ ಜನ. ಮುನ್ನೂರಾದ್ರೂ ಬರ್ತಾರೆ, ಇಷ್ಟೂ ಜನಕ್ಕೆ ಚಹಾ ಹೇಗೆ ಅಂತ ಯೋಚ್ನೆ ಮಾಡ್ತಿದ್ದೆ. ಅಷ್ಟರಲ್ಲಿ ನಿಮ್ಮ ಹುಡುಗ ಕಣ್ಣು ಬಿಡಿ ಅಂದ."

ಪ್ರಿಸ್ಕಾಳಿಗೆ ಅರ್ಥವಾಗಲಿಲ್ಲ. ನ್ಯಾರ್ ಅಲೆಗೊ ಅವಳನ್ನು ಮಂದಬುದ್ಧಿಯ ಸೊಸೆಯನ್ನು ನೋಡುವ ಹಾಗೆ ನೋಡಿದಳು.

"ಒಡೆರೊ ಯಜಮಾನ್ರು ಹೋಗಿದ್ರಲ್ಲ ತಾಯಿ! ಆ ವಾರವೇ ಹೋಗಿದ್ದು. ಮೂರು ಹೆಂಡ್ರು ಅವರಿಗೆ. ಇಬ್ರು ನಮ್ಮೂರಲ್ಲಿ, ಒಬ್ಳು ಉರಿಂದೀಲಿ. ಹೆಣ ಶವಾಗಾರದಲ್ಲಿ ಮಲಗಿತ್ತು, ಮಣ್ಣಿಗೆ ಆಚೆ ವಾರದ ಶನಿವಾರ ಅಂತ ದಿನ ಇಟ್ಟಿದ್ರು. ನೀವು ಮಂಗಳವಾರ ಬಂದ್ರಿ. ಇವತ್ತು ತಗೊಂಡ್ರೆ ಒಂದು ಕೆಜಿ, ಆಮೇಲಿನ ಶುಕ್ರವಾರ ತಗೊಂಡ್ರೆ ಎರಡು ಕೆಜಿ ಅಂದ್ರಿ. ಶನಿವಾರ ಬೆಳಿಗ್ಗೆ ಮಣ್ಣು, ಶುಕ್ರವಾರ ಸಕ್ಕರೆ. ಇನ್ನೇನು ಯೋಚ್ನೆ ಮಾಡೋದು ಇದ್ರಲ್ಲಿ?"

"ಅಂದ್ರೆ ನೀವೆಲ್ಲ ಮೊದಲೇ ಮಾತಾಡ್ಕೊಂಡಿದ್ರಾ?"

ಅಲ್ಲಿದ್ದ ಇನ್ನೊಬ್ಬಳು ಕಾಳಿನ ಮೊರ ಕೆಳಗಿಟ್ಟಳು. "ಇವತ್ತೇ ಬೇಕು ಅಂತ ಯಾವಳಾದ್ರೂ ಅಂದ್ರೆ ಅವಳ ಮನೆ ಸಾವಿಗೆ ನಾವು ಹೋಗಲ್ಲ ಅಂದಿದ್ವಿ. ಮನೇಲಿ ಸಕ್ಕರೆ ತಂದಿಟ್ರೆ ಉಳಿಯುತ್ತಾ? ಅದಕ್ಕೆ ನಿಮ್ಮ ಹತ್ರಾನೇ ಇರ್ಲಿ ಅಂದ್ವಿ. ನೀವು ಇಲಿ ಬೀಳದಂಗೆ ಇಟ್ಕೊಂಡಿದ್ರಿ, ಪಾಪ."

"ಉರಿಂದೀಲಿ ಒಬ್ರು ಇವತ್ತೇ ಬೇಕು ಅಂದಿದ್ರು."

"ಯಾರು, ಆ ಮೇರಿಯಾನಾ? ಅವಳಿಗೂ ಒಡೆರೊ ಮನೆಯವ್ರಿಗೂ ಬೇಲಿ ಜಗಳ. ಅವಳ ಸಕ್ಕರೆ ಯಾರಿಗೆ ಬೇಕಿತ್ತು?"

ಹೀಗೆ ಐದು ವರ್ಷ ಮುಂದಕ್ಕೆ ನೋಡಿದ್ದಕ್ಕೆ ಸಿಕ್ಕ ಮೂರು ನಕ್ಷತ್ರ ಹತ್ತು ದಿನಕ್ಕೆ ಇಳಿಯಿತು. ಪ್ರಿಸ್ಕಾ ಫೋನು ಆರಿಸಲು ಕೈ ಚಾಚಿದಾಗ ನ್ಯಾರ್ ಅಲೆಗೊ ತಡೆದಳು.

"ಇದನ್ನೂ ಹಿಡ್ಕೊ. ಮೇಷ್ಟ್ರಿಗೆ ಒಳ್ಳೇದಾಗ್ಲಿ ಅಂತ ನಮ್ಮ ಮಿಕಾಯಿ ಹೇಳಿದಾಳೆ." ಮಿಕಾಯಿ ಎಂದರೆ ಒಡೆರೊನ ಹಿರೀ ಹೆಂಡತಿ. "ನಮ್ಮೂರಿಗೆ ಸಿನಿಮಾ ಬರೋದಿರ್ಲಿಲ್ಲವಂತೆ, ಬರೀ ಪ್ರಶ್ನೆಯಂತೆ. ಸಾವಾಗಿದೆ ಅಂತ ಮೇಷ್ಟ್ರೇ ನಿಂತು ಶಾಮಿಯಾನದ ಕಡೆಗೆ ಹಾಕ್ಸಿದ್ರು. ಮಳೆ ಬಂತಲ್ಲ ಶನಿವಾರ, ನಿಮ್ಮ ಶಾಮಿಯಾನ ಇಲ್ದಿದ್ರೆ ಪಾದ್ರಿ ನೆನೆದು ಹೋಗ್ತಿದ್ರು."

ಮೊದಲಿನದು ದುರದೃಷ್ಟ. ಎರಡನೆಯದು ಅಪರಾಧ. ಲಾಟರಿ ಎತ್ತಿದ ಪಟ್ಟಿಯನ್ನು ಯಾರೂ ಮುಟ್ಟಕೂಡದು ಎಂಬುದೇ ಈ ಇಡೀ ವಿದ್ಯೆಯ ತಳಪಾಯ. ಮುಟ್ಟಿದರೆ ಉಳಿಯುವುದು ನಾಲ್ಕುನೂರ ಎಂಬತ್ತು ಹೆಂಗಸರಿಗೆ ಸಕ್ಕರೆ ಹಂಚಿದ ಪುಣ್ಯ ಮಾತ್ರ.

ಮೇಷ್ಟ್ರು ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ. ಮೆಕ್ಕೆಜೋಳದ ಮುದ್ದೆ ಮುರಿದು ಮೀನಿನ ಸಾರಿಗೆ ಅದ್ದುತ್ತಿದ್ದರು. ಪ್ರಿಸ್ಕಾ ಎದುರು ಕೂತಳು.

"ಮೇಷ್ಟ್ರೆ, ಕಂಪ್ಯೂಟರ್ ಪಟ್ಟೀಲಿ ಕೊಯಾರೊ ಎಲ್ಲಿತ್ತು?"

"ಬರೀ ಪ್ರಶ್ನೇಲಿತ್ತು."

"ನೀವು ಬದಲಾಯಿಸಿದ್ರಾ?"

"ಬದಲಾಯಿಸಿದೆ. ಕೊಯಾರೊ, ಉರಿಂದಿ ಎರಡನ್ನೂ ಸಿನಿಮಾಕ್ಕೆ ಹಾಕಿ, ಸಿನಿಮಾದಲ್ಲಿದ್ದ ಬೇರೆ ಎರಡೂರನ್ನ ಪ್ರಶ್ನೆಗೆ ಹಾಕ್ದೆ. ಎಂಟಕ್ಕೆ ಎಂಟು ಸರಿ ಹೋಯ್ತಲ್ಲ. ಮೀನು ತಿಂತೀಯಾ?"

"ಯಾಕೆ ಮೇಷ್ಟ್ರೆ?"

"ಕಂಪ್ಯೂಟರಿಗೆ ಸಾವಿನ ಸುದ್ದಿ ಯಾರೂ ಹೇಳಿರ್ಲಿಲ್ಲ. ನನಗೆ ಹೇಳಿದ್ರು." ಮೂಳೆಯೊಂದನ್ನು ಬಾಯಿಂದ ತೆಗೆದು ತಟ್ಟೆಯಂಚಿಗೆ ಇಟ್ಟರು. "ಸಾವಿನ ಮನೆಗೆ ಬರೀ ಟ್ಯಾಬ್ ಹಿಡ್ಕೊಂಡು ಹೋಗ್ಲಾ? 'ನಮಸ್ಕಾರ ಮಿಕಾಯಿ, ಗಂಡ ಹೋದ್ರಂತೆ, ಕಳೆದ ಏಳು ದಿನದಲ್ಲಿ ಎಷ್ಟು ಸಲ ಮೀನು ತಿಂದ್ರಿ?' ಹೀಗೆ ಕೇಳ್ಲಾ? ಮೈಮೇಲೆ ನಾಯಿ ಬಿಡ್ತಿದ್ರು. ಬಿಡ್ಲೇಬೇಕು."

"ಎರಡು ವಾರ ಬಿಟ್ಟು ಹೋಗಬಹುದಿತ್ತು."

"ನಿನ್ನ ಪ್ರೊಫೆಸರು ಎರಡು ದಿನ ತಡ ಆದ್ರೆ ಕೆಂಪಕ್ಷರದಲ್ಲಿ ಬರೀತಾನೆ. ಎರಡು ವಾರಕ್ಕೆ ಯಾವ ಬಣ್ಣ ಇದೆ ಅವನ ಹತ್ರ?"

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದೆ. ಹೊಸ ಪಟ್ಟಿ ಕಳಿಸಿ, ಎರಡೂರು ಆಚೀಚೆ ಆಗಿದೆ ಅಂತ ಬರ್ದೆ. ನೀನು ಹೆಬ್ಬೆರಳು ಕಳ್ಸಿದೆ."

ಪ್ರಿಸ್ಕಾ ಅಲ್ಲೇ ಫೋನು ತೆಗೆದು ಹಿಂದಕ್ಕೆ ಸರಿಸುತ್ತ ಹೋದಳು. ಆಗಸ್ಟ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂ ನಲವತ್ತು. ಮೇಷ್ಟ್ರ ಪಟ್ಟಿ. ಅದರ ಕೆಳಗೆ 'ಸರಿ' ಎನ್ನಲು ಅವಳು ಕಳಿಸಿದ ಹಳದಿ ಹೆಬ್ಬೆರಳು. ಆ ದಿನ ಅವಳ ಮುಂದೆ ನಲವತ್ತೇಳು ತಪ್ಪುಗಳ ಇನ್ನೊಂದು ಪಟ್ಟಿ ಇತ್ತು, ಹೆಸರಿನ ಕಾಗುಣಿತ ಸರಿ ಮಾಡಿರಬೇಕು ಎಂದುಕೊಂಡಿದ್ದಳು. ಕಂಪ್ಯೂಟರಿನ ಪಟ್ಟಿಯ ಮೇಲೆ ಮೇಷ್ಟ್ರ ಪಟ್ಟಿಯನ್ನು ಇಳಿಸಿ, 'ಅಂತಿಮ-೨' ಎಂದು ಹೆಸರಿಟ್ಟಿದ್ದವಳು ತಾನೇ. ಹಳೆಯದು ಪ್ರೊಫೆಸರಿಗೆ ಮೊದಲು ಕಳಿಸಿದ ಮಿಂಚಂಚೆಯಲ್ಲಿ ಮಾತ್ರ ಉಳಿದಿತ್ತು.

"ಬೈತೀಯಾ?" ಮೇಷ್ಟ್ರು ಕೇಳಿದರು.

"ಬೈದ್ರೆ ಊರು ವಾಪಸ್ ಹೋಗುತ್ತಾ?"

"ಇಲ್ಲ. ಅದಕ್ಕೇ ಮೀನು ತಿನ್ನು ಅಂದೆ."

ಅವಳು ತಿನ್ನಲಿಲ್ಲ. ಕಚೇರಿಗೆ ಹೋಗಿ ಹಳೆಯ ಪಟ್ಟಿ ತೆಗೆದು ಲೆಕ್ಕ ಮತ್ತೆ ಹಾಕಿದಳು. ಕಂಪ್ಯೂಟರ್ ಮೊದಲು ಹಂಚಿದ ಹಾಗೆ ನೋಡಿದರೆ ಎಲ್ಲ ತಿರುವುಮುರುವಾಯಿತು: ಸಿನಿಮಾದ ಪಟ್ಟಿಯಲ್ಲಿ ನಲವತ್ತೈದು, ಬರೀ ಪ್ರಶ್ನೆಯ ಪಟ್ಟಿಯಲ್ಲಿ ಐವತ್ತೆಂಟು. ಸಿನಿಮಾ ನೋಡಿದರೆ ಜನರ ತಾಳ್ಮೆ ಕೆಡುತ್ತದೆ ಎಂದಾಯಿತು. ಎರಡೂ ಊರನ್ನು ಬಿಟ್ಟು ನೋಡಿದರೆ ಸಿನಿಮಾದಿಂದ ಏನೂ ಆಗುವುದಿಲ್ಲ. ಮೂರನೆಯ ಲೆಕ್ಕವೊಂದು ಅವಳಿಗೆ ಹೊಳೆದಿರಲಿಲ್ಲ. ಅದು ಹೊಳೆದದ್ದು ಪ್ರೊಫೆಸರಿಗೆ, ಮರುದಿನ ನಾಲ್ಕು ಗಂಟೆಗೆ.

ಆತ ಎಲ್ಲವನ್ನೂ ಕೇಳಿಸಿಕೊಂಡ. ಒಡೆರೊ, ಮೂರು ಹೆಂಡಿರು, ಶಾಮಿಯಾನ, ಪಾದ್ರಿ, ಎಲ್ಲ. ಅವಳ ಹೆಬ್ಬೆರಳನ್ನೂ ಕೇಳಿಸಿಕೊಂಡ. ಆಮೇಲೆ ಕಾಫಿ ಕುಡಿದ.

"ಒಳ್ಳೇ ಕೆಲಸ ಮಾಡಿದೆ, ಪ್ರಿಸ್ಕಾ. ಇದನ್ನ ಯಾರ್‍ಯಾರು ನೋಡಿದಾರೆ?"

"ನಾನು, ನೀವು."

"ಹಂ. ಈ ಒಕುಮು ಒಟ್ಟು ಎಷ್ಟು ಊರು ನೋಡ್ಕೋತಿದ್ದ?"

"ಅವರದೇ ತಂಡ ಅಂದ್ರೆ ಆರು ಊರು. ಈ ಎರಡೂ ಸೇರಿ."

ಪ್ರೊಫೆಸರ್ ಏನೋ ಟೈಪು ಮಾಡಿದ. ಆತನ ಕನ್ನಡಕದ ಮೇಲೆ ಅಂಕಿಗಳು ಹರಿದು ಹೋದವು. "ನೋಡು. ಒಬ್ಬ ಮೇಲ್ವಿಚಾರಕ ಲಾಟರಿ ಪಟ್ಟೀನೇ ತಿದ್ದಿದಾನೆ ಅಂದ್ರೆ ಇನ್ನೇನೇನು ತಿದ್ದಿದಾನೋ ಯಾರಿಗೆ ಗೊತ್ತು? ಅವನು ಮುಟ್ಟಿದ ಆರು ಊರನ್ನೂ ಬಿಡೋದೇ ಪ್ರಾಮಾಣಿಕತೆ. ಉಳಿದ ಹತ್ತೂರಲ್ಲಿ ಸಿನಿಮಾದಿಂದ ಆರು ಅಂಕ ಹೆಚ್ಚಾಗುತ್ತೆ. ಒಂದು ನಕ್ಷತ್ರ ಇದೆ."

"ಅವರ ಆರರಲ್ಲಿ ಉಳಿದ ನಾಲ್ಕೂರಲ್ಲಿ ಅವರು ಏನೂ ತಿದ್ದಿಲ್ಲ, ಪ್ರೊಫೆಸರ್. ನಾನೇ ಎರಡನೇ ಸಲ ಹೋಗಿ ಕೇಳಿದೀನಿ. ಉತ್ತರ ಎಲ್ಲ ತಾಳೆ ಆಗಿದೆ."

"ಮನುಷ್ಯನ ಮೇಲೆ ನಂಬಿಕೆ ಹೋದ ಮೇಲೆ ಉತ್ತರ ತಾಳೆ ಆದ್ರೆಷ್ಟು ಬಿಟ್ಟರೆಷ್ಟು? ನೀನು ಒಂದು ಪುಟದ ವರದಿ ಬರೆದು ಕಳಿಸು. ಅವನ ಕೆಲಸ ನಂಬೋ ಹಾಗಿಲ್ಲ ಅಂತ. ಸ್ಥಳದಲ್ಲಿದ್ದವಳು ನೀನು, ನೀನು ಬರೆದರೆ ತೂಕ. ಆ ಹೆಬ್ಬೆರಳಿನ ವಿಷಯ ಬೇಡ, ಸುಮ್ಮನೆ ಗೊಂದಲ. ಹಾಂ, ನಿನ್ನ ಪತ್ರ ಈ ವಾರಾಂತ್ಯ ಬರೀಬೇಕು ಅಂತಿದೀನಿ. ಒಳ್ಳೇ ಪತ್ರ ಬರೀಬೇಕು ಅಂತಿದೀನಿ."

ಎರಡು ಮಾತಿಗೂ ಸಂಬಂಧ ಇದೆಯೆಂದು ಆತ ಹೇಳಲಿಲ್ಲ. ಇಲ್ಲವೆಂದೂ ಹೇಳಲಿಲ್ಲ. ಆತ ಕೆಟ್ಟ ಮನುಷ್ಯನೇನೂ ಅಲ್ಲ, ನಾಯಿ ಸಾಕಿದ್ದ.

ಶನಿವಾರ ಪ್ರಿಸ್ಕಾ ಯಾಲಾಕ್ಕೆ ಹೋದಳು. ತಾಯಿ ಗೋಣಿಯ ಮೇಲೆ ಬೆರಳುದ್ದದ ಮೀನು ಹರಡುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ತಾಯಿ ನಡುನಡುವೆ ಗಿರಾಕಿಗಳಿಗೆ ಡಬ್ಬಿಯಲ್ಲಿ ಅಳೆದು ಕೊಡುತ್ತಿದ್ದಳು.

"ಆ ಮೇಷ್ಟ್ರು ಸಾವಿಗೆ ಕುರ್ಚಿ ಕೊಟ್ರು. ಅಷ್ಟೇ ತಾನೆ?"

"ಅಷ್ಟೇ."

"ಆ ಬಿಳಿಯ ನಿಂಗೆ ಕಾಗದ ಕೊಡ್ಬೇಕು ಅಂದ್ರೆ ಮೇಷ್ಟ್ರು ಕಳ್ಳ ಅಂತ ನೀನು ಬರ್ಕೊಡ್ಬೇಕು."

"ಹಾಗಂತ ಅವರು ಹೇಳ್ಲಿಲ್ಲ."

"ಯಾರೂ ಹಾಗಂತ ಹೇಳಲ್ಲ ಕಣೇ. ಆ ಕಾಗದ ನಿಂಗೆ ಬೇಕೇ ಬೇಕಾ?"

"ಬೇಕು."

"ಹಾಗಾದ್ರೆ ಬರಿ."

"ಬರೀಲಾ?"

"ಬರಿ ಅಂದ್ನಲ್ಲ. ನಿನ್ನ ಕೈಲಿ ಆದ್ರೆ ಬರಿ. ಆಗ್ದಿದ್ರೆ ಬಂದು ಇಲ್ಲಿ ಕೂತ್ಕೊ, ನನ್ನ ಸೊಂಟಕ್ಕೂ ಸ್ವಲ್ಪ ಬಿಡುವು. ಎರಡರಲ್ಲಿ ಒಂದು ಮಾಡು. ಮುಖ ಹೀಗೆ ಇಟ್ಕೊಂಡು ನನ್ನ ಅಂಗಡಿ ಮುಂದೆ ಕೂರ್‍ಬೇಡ, ಮೀನು ಕೆಟ್ಟಿದೆ ಅಂದ್ಕೋತಾರೆ."

ಸೋಮವಾರ ಅವಳು ವರದಿ ಬರೆದಳು. ಒಂದು ಪುಟ ಬೇಕಾಗಲಿಲ್ಲ. ಸಾವಾಗಿದ್ದರಿಂದ ಒಕುಮು ಎರಡು ಊರನ್ನು ಅದಲುಬದಲು ಮಾಡಿದರು. ಹಾಗೆ ಮಾಡಿದ್ದನ್ನು ನನಗೆ ಬರೆದು ತಿಳಿಸಿದರು. ನಾನು ಪ್ರಶ್ನಿಸದೆ ಒಪ್ಪಿ, ಮೂಲ ಪಟ್ಟಿಯ ಮೇಲೆ ಹೊಸದನ್ನು ಇಳಿಸಿದೆ. ಉಳಿದ ನಾಲ್ಕು ಊರುಗಳ ಕೆಲಸವನ್ನು ನಾನೇ ಪರೀಕ್ಷಿಸಿದ್ದೇನೆ, ದೋಷವಿಲ್ಲ. ಎರಡು ಊರು ಬಿಟ್ಟರೆ ಸಿನಿಮಾದಿಂದ ಯಾವ ಪರಿಣಾಮವೂ ಕಾಣುವುದಿಲ್ಲ. ಎರಡೂ ಪಟ್ಟಿ, ಹೆಬ್ಬೆರಳಿನ ಚಿತ್ರ, ನ್ಯಾರ್ ಅಲೆಗೊಳ ದನಿ, ಎಲ್ಲವನ್ನೂ ಜತೆಗೆ ಲಗತ್ತಿಸಿದಳು. ಪ್ರೊಫೆಸರಿಗೆ ಮಾತ್ರ ಕಳಿಸಿದರೆ ಅದು ಎಲ್ಲಿ ಹೋಗುತ್ತದೆಂದು ಗೊತ್ತಿತ್ತು. ಆ ಲೇಖನಕ್ಕೆ ಪಾಲುದಾರಳಾಗಿದ್ದ ಇನ್ನೊಬ್ಬ ಪ್ರೊಫೆಸರಿಗೂ, ಕಚೇರಿಯ ನಿರ್ದೇಶಕರಿಗೂ ಕಳಿಸಿದಳು. ಆಮೇಲೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಎರಡು ತರಿಸಿ ಚಹಾದ ಜತೆ ತಿಂದಳು.

ಒಂದು ವಾರದಲ್ಲಿ ಎಲ್ಲರಿಗೂ ಅವರವರ ಪಾಲು ಸಿಕ್ಕಿತು. ಮೇಷ್ಟ್ರಿಗೆ ಎರಡು ತಿಂಗಳ ಅಮಾನತು. ಪ್ರಿಸ್ಕಾಳಿಗೆ ಎಚ್ಚರಿಕೆ ಪತ್ರ. ಪಾಲುದಾರ ಪ್ರೊಫೆಸರ್ ಮಾತು ಕಡಿಮೆಯ ಹೆಂಗಸು. ಸಮ್ಮೇಳನಕ್ಕೆ ಹೆಸರು ಕೊಟ್ಟಿದ್ದ ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದು ಒಂದೇ ಸಾಲು ಬರೆದಳು. ಥೀಸನ್ ಏನೂ ಬರೆಯಲಿಲ್ಲ. ನಾಲ್ಕು ಗಂಟೆಗೆ ಪರದೆ ತೆರೆದರೆ ಕಪ್ಪಗಿರುತ್ತಿತ್ತು.

"ನಾನು ಹೇಳ್ಕೊಡ್ಲಾ?" ಅಮಾನತಾದ ಮೇಷ್ಟ್ರು ಕಚೇರಿಯ ಬೇಲಿಯಾಚೆಯಿಂದ ಕೇಳಿದರು. ಒಳಗೆ ಬರುವಂತಿರಲಿಲ್ಲವಾದ್ದರಿಂದ ದಿನಾ ಅಲ್ಲಿ ಬಂದು ನಿಲ್ಲುತ್ತಿದ್ದರು. "ಪ್ರೊಫೆಸರಿಗೆ ಇನ್ನೊಂದು ವರದಿ ಬರಿ, ಎಲ್ಲಾ ತಪ್ಪು ಒಕುಮುದೇ ಅಂತ. ನನಗೆ ಈಗ ಅರವತ್ತಕ್ಕೆ ಎರಡು ಕಮ್ಮಿ. ಮರ್ಯಾದೆ ಇಟ್ಕೊಂಡು ಏನು ಮಾಡ್ಲಿ?"

"ಬರೆಯೋದನ್ನ ಬರೆದಾಯ್ತು ಮೇಷ್ಟ್ರೆ. ಕಳಿಸಿಯೂ ಆಯ್ತು."

"ನನ್ನ ಹೆಸರಿಗೆ ಎಷ್ಟು ಸಾಲು?"

"ಎರಡು."

"ನಿಂದಕ್ಕೆ?"

"ಎರಡು."

"ಸರಿ ಬಿಡು. ಸಮ ಇದೆ."

ಡಿಸೆಂಬರ್ ಹದಿನಾಲ್ಕರ ತನಕ ಒಂಬತ್ತೂ ಅರ್ಜಿಗಳ ಮುಂದೆ 'ಪತ್ರ ಬಂದಿಲ್ಲ' ಎಂದೇ ಇತ್ತು. ಅವಳು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಳೆಂದರೆ ಒಂದು ವಿಶ್ವವಿದ್ಯಾಲಯದ ತಾಣ ಅವಳನ್ನು ಒಳಗೇ ಬಿಡದಾಯಿತು. ಹದಿನಾಲ್ಕರ ಮಧ್ಯಾಹ್ನ ನಾಲ್ಕೂ ಹನ್ನೆರಡಕ್ಕೆ ಒಂಬತ್ತರ ಮುಂದೆಯೂ ಒಟ್ಟಿಗೆ 'ಬಂದಿದೆ' ಎಂದಾಯಿತು. ಒಳಗೆ ಏನು ಬರೆದಿದೆಯೆಂದು ನೋಡಲು ಅರ್ಜಿದಾರರಿಗೆ ಹಕ್ಕಿಲ್ಲ.

ಮಾರ್ಚಿನಲ್ಲಿ ಎಂಟು ಕಡೆಯಿಂದ ಇಲ್ಲ ಎಂದು ಬಂತು. ಒಂದೇ ವಾಕ್ಯವನ್ನು ಎಂಟು ಜನ ಬೇರೆಬೇರೆ ಬರೆದಿದ್ದರು. ಒಂಬತ್ತನೆಯವರು ಕಾಯುವವರ ಸಾಲಿನಲ್ಲಿ ಮೂರನೆಯವಳಾಗಿ ನಿಲ್ಲಿಸಿದರು, ಏಪ್ರಿಲ್ ಹದಿನಾರಕ್ಕೆ, ಅವಳ ಸರದಿ ಬರುವ ಮೊದಲೇ, ಸಾಲು ಮುಗಿಯಿತು ಎಂದು ತಿಳಿಸಿದರು. ಆ ಸುದ್ದಿ ಬಂದಾಗ ಪ್ರಿಸ್ಕಾ ಹೊಸ ಸರ್ವೆಯವರಿಗೆ ತರಬೇತಿ ಕೊಡುತ್ತಿದ್ದಳು. ಫೋನು ನೋಡಿ, ತಿರುಗಿಸಿಟ್ಟು, ಹದಿನೇಳನೇ ಪ್ರಶ್ನೆಗೆ ಹೋಗಿ ಎಂದಳು.

ಜೂನ್ ಬಂತು. ಅವಳನ್ನು ಕಳಿಸಬೇಕಿತ್ತು, ಆದರೆ ಆ ಹದಿನಾರು ಊರುಗಳ ಕಡತದಲ್ಲಿ ಯಾವುದು ಎಲ್ಲಿದೆಯೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಾತು ಕಡಿಮೆಯ ಪ್ರೊಫೆಸರ್ ಇನ್ನೊಂದು ವರ್ಷ ಇರಲಿ ಎಂದಳು. ಥೀಸನ್ ಪರದೆಗೆ ಬಂದ, ಒಳ್ಳೆಯದೇ ಎಂದ. ಆರು ತಿಂಗಳ ಮೇಲೆ ಅವನ ಮುಖ ನೋಡಿದ ಪ್ರಿಸ್ಕಾ, ಇದ್ದರೆ ಎರಡು ಷರತ್ತು ಎಂದಳು. ಲಾಟರಿ ಪಟ್ಟಿಗೆ ಬೀಗ, ಕೀಲಿ ಯಾರ ಕೈಗೂ ಇಲ್ಲ, ಅವಳ ಕೈಗೂ ಇಲ್ಲ. ಸಾವಾದ ಊರಿಗೆ ಮಣ್ಣು ಮುಗಿಯುವ ತನಕ ಸರ್ವೆಯವರು ಹೋಗುವುದಿಲ್ಲ. ಎಷ್ಟು ದಿನ ತಡವಾದರೂ ಕೆಂಪಕ್ಷರ ಇಲ್ಲ. ಶಾಮಿಯಾನ ಹೋಗಬಹುದು, ಅದನ್ನು ಮೇಷ್ಟ್ರು ನೋಡಿಕೊಳ್ಳುತ್ತಾರೆ.

"ಇದು ಒಳ್ಳೇ ನಿಯಮ," ಎಂದ ಥೀಸನ್. "ಬರೆದುಕೊಡು, ಎಲ್ಲ ದೇಶದ ತಂಡಗಳಿಗೂ ಕಳಿಸ್ತೀನಿ. ಇನ್ನೇನಾದ್ರೂ?"

"ಕಳೆದ ಸಲ ಪತ್ರದಲ್ಲಿ ಏನು ಬರೆದಿದ್ರಿ?"

ಅದನ್ನು ಕೇಳುವ ಪದ್ಧತಿಯಿಲ್ಲ. ಆತ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡ.

"ನನ್ನ ಒಂದು ಲೇಖನವನ್ನ ಹಾಳು ಮಾಡಿದವಳು ಅಂತ ಬರೆದೆ. ಹಾಳು ಮಾಡಿದ್ದು ಸರಿಯಾಗೇ ಇತ್ತು ಅಂತಲೂ ಬರೆದೆ. ನಾಲ್ಕು ತಿಂಗಳು ಮೊದಲೇ ಎಚ್ಚರವಾಗಿದ್ದರೆ ಇನ್ನೂ ಚೆನ್ನಾಗಿತ್ತು ಅಂತ ಬರೆದೆ."

ಪ್ರಿಸ್ಕಾ ಯೋಚಿಸಿದಳು. ಮೂರರಲ್ಲೂ ಸುಳ್ಳು ಇರಲಿಲ್ಲ.

"ಈ ವರ್ಷವೂ ನಿಮ್ಮ ಹೆಸರನ್ನೇ ಹಾಕ್ತೀನಿ," ಎಂದಳು.

ಹಾಕಿದಳು. ಅದೇ ಒಂಬತ್ತು ವಿಶ್ವವಿದ್ಯಾಲಯ. ಡಿಸೆಂಬರಿನಲ್ಲಿ ಪತ್ರ ಹೋಯಿತು, ಮಾರ್ಚಿನಲ್ಲಿ ಏಳು ಕಡೆ ಇಲ್ಲ ಎಂದರು. ಎರಡು ಕಡೆ ಬಾ ಎಂದರು, ಊಟ ವಸತಿಯೂ ನಮ್ಮದೇ ಎಂದರು. ಅದರಲ್ಲೊಂದು ಹಿಂದಿನ ವರ್ಷ ಮೊಟ್ಟಮೊದಲು ಇಲ್ಲ ಎಂದಿದ್ದ ವಿಶ್ವವಿದ್ಯಾಲಯ.

"ಈ ಸಲ ಏನು ಬರೆದ್ರಿ, ಪ್ರೊಫೆಸರ್?"

"ಹೋದ ವರ್ಷದ್ದೇ. ತಾರೀಖು ಬದಲಾಯಿಸಿದೆ, ಅಷ್ಟೇ."

ಪ್ರಿಸ್ಕಾ ಥ್ಯಾಂಕ್ಸ್ ಹೇಳಿ ಕಂಪ್ಯೂಟರ್ ಮುಚ್ಚಿದಳು. ಹೊರಗೆ ಮೇಷ್ಟ್ರು ಜೀಪಿನ ಹಾರನ್ನು ಒತ್ತುತ್ತಿದ್ದರು. ಆವತ್ತು ಇನ್ನೂ ಒಂದು ಊರು ಬಾಕಿಯಿತ್ತು.